ಕದ್ದದ್ದು ಬೇಡ, ಬಚ್ಚಿಟ್ಟದ್ದು ಬೇಕು

ಮೊರಪ್ಪೂರಿನ ಗೆಳೆಯರೇ, ಹರೂರು, ಪೆನ್ನಾಗರಂ, ಧರ್ಮಪುರಿ, ಸೇಲಂ ಸೀಮೆಯ ಕನ್ನಡ ಮನೆಗಳ ತಮ್ಮಂದಿರೇ, ತಂಗಿಯರೇ, ಒಂದು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಚಿತ್ರಮಂದಿರಕ್ಕೆ ಬಂದ ಸಿನಿಮಾ ಸಂಜೆಯೊಳಗೆ ನಿಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಲೇಖಕರೊಬ್ಬರು ವರ್ಷಗಟ್ಟಲೆ ಕೂತು ಬರೆದ ಕಾದಂಬರಿಯ ಪಿಡಿಎಫ್ ಟೆಲಿಗ್ರಾಂನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಕೈ ಸೇರುತ್ತದೆ. ಆದರೆ ನಿಮ್ಮೂರ ಕೆರೆಯ ಹೂಳೆತ್ತಲು ಎಷ್ಟು ಹಣ ಬಂತು, ಆ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹೂಳು ನಿಜಕ್ಕೂ ಹೊರಗೆ ಬಂತೇ? ಆ ಲೆಕ್ಕದ ಒಂದು ಹಾಳೆಯಾದರೂ ನಿಮ್ಮ ಮೊಬೈಲಿಗೆ ಬಂದಿದೆಯೇ?

ನಮ್ಮದಲ್ಲದ್ದು ಕೇಳದಿದ್ದರೂ ಬರುತ್ತದೆ. ನಮ್ಮದಾದದ್ದು ಕೇಳಿದರೂ ಬರುವುದಿಲ್ಲ. ಇದನ್ನು ಎಷ್ಟು ಕಾಲ ನೋಡುತ್ತ ಕೂರೋಣ?

ಕಾಪಿರೈಟ್ ಇರಬೇಕೋ ಬೇಡವೋ, ಪೈರಸಿ ಕಳ್ಳತನವೋ ಬಡವರ ಹಕ್ಕೋ, ಕಚೇರಿಯ ಒಳಗುಟ್ಟನ್ನು ಹೊರಗೆ ಹಾಕಿದವನು ವೀರನೋ ದ್ರೋಹಿಯೋ ಎಂದು ನೀವು ಹಾಸ್ಟೆಲಿನಲ್ಲಿ ನಡುರಾತ್ರಿಯವರೆಗೆ ವಾದಿಸುತ್ತೀರಿ. ವಾದಿಸಿ. ಆ ಬಿಸಿ ಆರದಿರಲಿ. ಆದರೆ ಮೂರೂ ಜಗಳಗಳ ಬುಡದಲ್ಲಿರುವುದು ಒಂದೇ ಪ್ರಶ್ನೆ ಎಂಬುದನ್ನು ಗಮನಿಸಿ: ಇದು ಯಾರದು? ಒಬ್ಬರ ಬೆವರಿನಿಂದ ಹುಟ್ಟಿದ್ದನ್ನು ಅವರನ್ನು ಕೇಳದೆ ಎತ್ತಿಕೊಂಡರೆ ಅದು ಕಳವು. ಎಲ್ಲರಿಗೂ ಸೇರಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅದೂ ಕಳವು. ಮೊದಲನೆಯದನ್ನು ಮಾಡಬಾರದು. ಎರಡನೆಯದನ್ನು ಮಾಡಲು ಬಿಡಬಾರದು.

ಮೊದಲು ನಮ್ಮ ಮನೆ ಚೊಕ್ಕ ಮಾಡಿಕೊಳ್ಳೋಣ. ಸೇಲಂನ ಯೇರ್ಕಾಡು ರಸ್ತೆಯಲ್ಲಿ ಹೋದವರು ಒಂದು ಹಳೆಯ ಕಮಾನನ್ನು ನೋಡಿರುತ್ತೀರಿ. ಟಿ.ಆರ್. ಸುಂದರಂ 1935ರಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಹೆಬ್ಬಾಗಿಲು ಅದು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ 1938ರಲ್ಲಿ ಹೊರಬಂದದ್ದು ಆ ಸಂಸ್ಥೆಯಿಂದ. ಹಲವು ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ ಆ ಅಂಗಳದಲ್ಲಿ ಬಡಗಿಗಳಿದ್ದರು, ದರ್ಜಿಗಳಿದ್ದರು, ದೀಪ ಹಿಡಿಯುವವರಿದ್ದರು, ಅಡುಗೆಯವರಿದ್ದರು; ಪರದೆಯ ಮೇಲೆ ಕಂಡ ಒಂದು ಮುಖದ ಹಿಂದೆ ಕಾಣದ ನೂರು ಮುಖಗಳು ಅನ್ನ ತಿನ್ನುತ್ತಿದ್ದವು. ಇವತ್ತಿನ ಸಿನಿಮಾದ ಹಿಂದೆಯೂ ಅಷ್ಟೇ ಜನ. ಕದ್ದ ಪ್ರತಿಯೊಂದನ್ನು ಮುಂದಕ್ಕೆ ಕಳಿಸುವಾಗ ನಾವು ನಾಯಕನಟನ ಕಾರಿನ ಕಂತು ತಪ್ಪಿಸುತ್ತಿಲ್ಲ, ಅವನ ದುಡ್ಡು ಅವನಿಗೆ ಮೊದಲೇ ಸಂದಿರುತ್ತದೆ. ಮುಂದಿನ ಚಿತ್ರದಲ್ಲಿ ಕೆಲಸ ಸಿಗಬೇಕಿದ್ದ ಲೈಟ್ ಬಾಯ್‌ನ ಕೂಲಿಗೆ ಕೈ ಹಾಕುತ್ತಿದ್ದೇವೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ 3 ತಿಂಗಳಿಂದ 3 ವರ್ಷದ ಸೆರೆ, ಕನಿಷ್ಠ 3 ಲಕ್ಷ ರೂಪಾಯಿ ದಂಡ ವಿಧಿಸಿದೆ. ಆದರೆ ಜೈಲಿನ ಹೆದರಿಕೆಯಿಂದ ಮಾತ್ರ ಪ್ರಾಮಾಣಿಕರಾಗುವ ಪೀಳಿಗೆ ನಾವೇ? ಅಲ್ಲ.

ಕನ್ನಡ ಪುಸ್ತಕದ ಮಾತಂತೂ ಇನ್ನೂ ನೋವಿನದು. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದು ಖರ್ಚಾಗಲೆಂದು ವರ್ಷಗಟ್ಟಲೆ ಕಾಯುವ ಲೋಕವದು. ಅಲ್ಲಿ ಇನ್ನೂರು ಜನ ಪಿಡಿಎಫ್ ಓದಿ ‘ತುಂಬಾ ಚೆನ್ನಾಗಿದೆ ಸರ್’ ಎಂದು ಲೇಖಕರಿಗೇ ಸಂದೇಶ ಕಳಿಸಿದರೆ ಅವರು ನಗಬೇಕೋ ಅಳಬೇಕೋ?

ಆಗ ನಿಮ್ಮಲ್ಲೊಬ್ಬರು ಎದ್ದು ನಿಲ್ಲುತ್ತೀರಿ. ‘ಅಣ್ಣಾ, ನಮ್ಮೂರಲ್ಲಿ ಕನ್ನಡ ಪುಸ್ತಕದ ಅಂಗಡಿ ಇಲ್ಲ, ಗ್ರಂಥಾಲಯದಲ್ಲಿ ಕನ್ನಡದ ಕಪಾಟಿಲ್ಲ, ಜೇಬಿನಲ್ಲಿ ದುಡ್ಡಿಲ್ಲ. ಜ್ಞಾನ ಉಳ್ಳವರ ಸೊತ್ತೇ?’ ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ನಮ್ಮ ಕಾನೂನೂ ಇದಕ್ಕೆ ಕಿವುಡಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಸ್ವಂತ ಅಧ್ಯಯನಕ್ಕೆ, ಸಂಶೋಧನೆಗೆ, ವಿಮರ್ಶೆಗೆ, ಪಾಠಕ್ಕೆ ದಾರಿ ಬಿಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿ ಪಠ್ಯಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದಾಗ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ದೈತ್ಯ ಪ್ರಕಾಶಕರು ಕೋರ್ಟಿಗೆಳೆದರು. 2016ರಲ್ಲಿ ದೆಹಲಿ ಹೈಕೋರ್ಟು ನಿಂತದ್ದು ಕಲಿಯುವವರ ಕಡೆಗೆ.

ಇನ್ನೂ ದೊಡ್ಡ ಬಾಗಿಲೊಂದಿದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳೆಲ್ಲ ನಾಡಿನ ಸೊತ್ತು. ಕಾಸರಗೋಡಿನ ಮಂಜೇಶ್ವರದಲ್ಲಿ ಕೂತು ಹತ್ತಾರು ಭಾಷೆ ಕಲಿತ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹೆಣ್ಣುಮಕ್ಕಳ ಮನಸ್ಸಿನ ಒಳಸಂಕಟ ಬರೆದ ತ್ರಿವೇಣಿ ಮೂವತ್ತೈದು ತುಂಬುವ ಮೊದಲೇ ನಮ್ಮನ್ನಗಲಿದ್ದೂ ಅದೇ ವರ್ಷ. 2024ರ ಜನವರಿ 1ರಿಂದ ಇಬ್ಬರೂ ನಮ್ಮವರು! ಯಾರ ಅಪ್ಪಣೆಯೂ ಬೇಕಿಲ್ಲ. ಓದಬಹುದು, ಅಚ್ಚು ಹಾಕಬಹುದು, ತಮಿಳಿಗೆ ತರಬಹುದು, ದನಿ ಕೊಟ್ಟು ಹಂಚಬಹುದು. ಅರವತ್ತು ವರ್ಷ ಕಾಯಿಸದೆ ಕೊಟ್ಟವರೂ ಇದ್ದಾರೆ. ಕಯ್ಯೂರಿನ ರೈತರ ಕಥೆ ಬರೆದ ನಿರಂಜನರ 55 ಪುಸ್ತಕಗಳನ್ನು ಅವರ ಮನೆಯವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾಲಯ ತನ್ನ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು.

ತಮಿಳುನಾಡಿನಲ್ಲಿ ಬೆಳೆದ ನಿಮಗೆ ಇದು ಹೊಸದೂ ಅಲ್ಲ. ಸುಬ್ರಹ್ಮಣ್ಯ ಭಾರತಿಯವರ ಹಾಡಿನ ಹಕ್ಕು ಖಾಸಗಿಯವರ ಕೈಯಲ್ಲಿದ್ದಾಗ 1949ರಲ್ಲಿ ಸರ್ಕಾರವೇ ಅದನ್ನು ಪಡೆದು ಮುಂದೆ ಜನರಿಗೆ ಒಪ್ಪಿಸಿತು. ಆಮೇಲೆ ಎಷ್ಟೋ ತಮಿಳು ಲೇಖಕರ ಕುಟುಂಬಗಳಿಗೆ ಹಣ ಕೊಟ್ಟು ಅವರ ಕೃತಿಗಳನ್ನು ನಾಡಿನದಾಗಿಸುವ ಪದ್ಧತಿಯೇ ಬೆಳೆಯಿತು. ಬರೆದವರ ಮನೆಗೂ ಗೌರವ, ಓದುವವರ ಮನೆಗೂ ಪುಸ್ತಕ. ಕನ್ನಡಕ್ಕೂ ಇಂಥದ್ದೊಂದು ವ್ಯವಸ್ಥೆ ಬೇಕೆಂದು ಬೆಂಗಳೂರಿಗೆ ಕೇಳಿಸುವಂತೆ ಹೇಳಬಲ್ಲವರು ಯಾರು? ಎರಡೂ ಭಾಷೆ ಬಲ್ಲ ನೀವು!

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಫೋನಿನಲ್ಲಿ ಇಂಗ್ಲಿಷ್. ಎಲ್ಲೂ ಪೂರ್ತಿ ಸಲ್ಲದವರು ನಾವು ಎಂದು ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ನಂಬಬೇಡಿ. ಮೂರು ಬಾಗಿಲಿನ ಮನೆಯಲ್ಲಿ ಹುಟ್ಟಿದವರು ನೀವು. ನಿಮ್ಮ ಅಜ್ಜಿ ಬೀಸುವಾಗ ಹಾಡಿದ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಸೇಲಂನ ದೇವಾಂಗ ಮಗ್ಗದ ಮನೆಗಳ ಕನ್ನಡ ಯಾವ ನಿಘಂಟಿಗೂ ಪೂರ್ತಿ ಸಿಕ್ಕಿಲ್ಲ. ಅದನ್ನು ದಾಖಲು ಮಾಡಿ. ಹಾಡಿದವರ ಹೆಸರು ಹಾಕಿ. ಅವರ ಒಪ್ಪಿಗೆ ಕೇಳಿ. 1934ರ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕಾಪಾಡುವವರಿಲ್ಲದೆ ಹೋದದ್ದು ಕದ್ದು ಹೋದದ್ದಕ್ಕಿಂತ ದೊಡ್ಡ ನಷ್ಟ.

ಈಗ ಎರಡನೆಯ ಕಳವಿಗೆ ಬರೋಣ. ಧರ್ಮಪುರಿಗೆ ಹಿಂದೆ ತಗಡೂರು ಎಂದು ಹೆಸರು. ಕ್ರಿ.ಶ. 893ರಲ್ಲಿ, ನೊಳಂಬ ದೊರೆ ಮಹೇಂದ್ರನ ಆಳ್ವಿಕೆಯಲ್ಲಿ, ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಅಲ್ಲಿ ಬಸದಿ ಕಟ್ಟಿಸಿದರು. ಅದಕ್ಕೆ ಹಳ್ಳಿಯೊಂದು ದತ್ತಿಯಾಯಿತು. ಆ ವಿಷಯವನ್ನು ಕಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೊರೆಸಿ ನಿಲ್ಲಿಸಿದರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾತಕ್ಕೆ ಕೊಟ್ಟರು ಎಲ್ಲವೂ ಬಯಲಿಗೆ. ಸಾವಿರದ ನೂರು ವರ್ಷದ ಹಿಂದೆ ರಾಜನ ದತ್ತಿಯ ಲೆಕ್ಕ ಊರ ಮುಂದೆ ಕಲ್ಲಿನಲ್ಲಿ ನಿಂತಿತ್ತು. ಪ್ರಜೆಗಳೇ ಪ್ರಭುಗಳಾದ ಈ ಕಾಲದಲ್ಲಿ ಒಂದು ರಸ್ತೆಯ ಟೆಂಡರು ಯಾಕೆ ಕಪಾಟಿನಲ್ಲಿ ಅಡಗಿರಬೇಕು?

ಮುಚ್ಚಿಟ್ಟ ಸತ್ಯ ಏನು ಮಾಡುತ್ತದೆ ಎಂದು ತಿಳಿಯಲು ನೀವು ದೂರ ಹೋಗಬೇಕಿಲ್ಲ. ಮೊರಪ್ಪೂರಿನಿಂದ ಹರೂರು, ಅಲ್ಲಿಂದ ಸಿತ್ತೇರಿ ಬೆಟ್ಟದ ಬುಡ. ಅಲ್ಲಿದೆ ವಾಚಾತ್ತಿ. 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ದಂಡು ಶ್ರೀಗಂಧ ಹುಡುಕುತ್ತೇವೆಂದು ಆ ಬುಡಕಟ್ಟು ಹಳ್ಳಿಗೆ ನುಗ್ಗಿತು. ಜನರನ್ನು ಬಡಿದರು, ಮನೆಗಳನ್ನು ಹಾಳುಗೆಡವಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು, ನೊಂದವರನ್ನೇ ಜೈಲಿಗೆ ತಳ್ಳಿದರು. ಅಂಥದ್ದೇನೂ ನಡೆದೇ ಇಲ್ಲವೆಂದು ಆಳುವವರು ಹೇಳಿದರು. ಆ ಮಾತು ಗೆದ್ದಿದ್ದರೆ ವಾಚಾತ್ತಿ ಎಂಬ ಹೆಸರು ನಿಮಗೂ ನನಗೂ ಗೊತ್ತಿರುತ್ತಿರಲಿಲ್ಲ.

ಅದು ಗೆಲ್ಲಲಿಲ್ಲ. ಓದು ಬರಹ ಹೆಚ್ಚಿಲ್ಲದ, ಹಿಂದೆ ಮುಂದೆ ಯಾರೂ ಇಲ್ಲದ, ನಿಮಗಿಂತ ಚಿಕ್ಕ ವಯಸ್ಸಿನವರೂ ಇದ್ದ ಆ ಹೆಣ್ಣುಮಕ್ಕಳು ಬಾಯಿ ತೆರೆದರು. ಬುಡಕಟ್ಟು ಜನರ ಸಂಘ ಜೊತೆಗೆ ನಿಂತಿತು. ಪರಿಶಿಷ್ಟ ಜಾತಿ, ಪಂಗಡಗಳ ಆಯೋಗದ ಅಧಿಕಾರಿ ಭಾಮತಿ ಕಂಡದ್ದನ್ನು ಕಂಡಂತೆ ವರದಿ ಬರೆದರು. ಸರ್ಕಾರದ ಸಂಬಳ ತಿನ್ನುವವರು ಸತ್ಯ ಬರೆದರೆ ಅದು ದ್ರೋಹವೇ? ಅದೇ ನಿಷ್ಠೆ! ಹೈಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ತೀರ್ಪಿತ್ತಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ! ಮೂವತ್ತೊಂದು ವರ್ಷ ಆ ತಾಯಂದಿರು ಹೇಳಿದ ಮಾತು ಬದಲಿಸಲಿಲ್ಲ. ಧೈರ್ಯವೆಂದರೇನೆಂದು ಕಲಿಯಲು ನಾವು ಬೇರೆ ದೇಶದ ಕಥೆ ಓದಬೇಕೇ?

ಇನ್ನೊಬ್ಬ ತರುಣನ ಹೆಸರು ನೆನಪಿಡಿ. ಮೊರಪ್ಪೂರಿನಲ್ಲಿ ರೈಲು ಹತ್ತಿ ಜೋಲಾರಪೇಟೆ, ಬಂಗಾರಪೇಟೆ ದಾಟಿದರೆ ಕೋಲಾರದ ಚಿನ್ನದ ಗಣಿ. ಆ ಊರಿನ ಹುಡುಗ ಮಂಜುನಾಥ್ ಷಣ್ಮುಗಂ. ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾದ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ. 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 27 ವರ್ಷ. ಅದಕ್ಕೆ ಎರಡು ವರ್ಷ ಮೊದಲು, ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಬೇಡಿಕೊಂಡಿದ್ದ ಸತ್ಯೇಂದ್ರ ದುಬೆಯನ್ನು ಗಯಾದಲ್ಲಿ ಕೊಂದಿದ್ದರು. ಅಕ್ರಮ ಬಯಲಿಗೆಳೆಯುವವರಿಗೆ ರಕ್ಷಣೆ ಕೊಡುವ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಜಾರಿಗೆ ಬರಲೇ ಇಲ್ಲ. ಅದನ್ನು ಜಾರಿಗೆ ತನ್ನಿ ಎಂದು ಕೇಳುವ ದನಿ ಕೂಡ ನಿಮ್ಮದೇ ಆಗಬೇಕು.

ಹಾಗೆಂದು ದುಡುಕಬೇಡಿ. ನಮಗೆ ಬೇಕಾದದ್ದು ಬದುಕಿರುವ ಧೀರರು. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕೇಳಿದ್ದನ್ನು ಹಂಚಬೇಡಿ, ಕಾಗದ ಕೈಯಲ್ಲಿದ್ದರೆ ಮಾತ್ರ ಮಾತಾಡಿ. ಒಬ್ಬ ಹುಡುಗಿಯ ಫೋಟೋ, ಒಬ್ಬ ನೆರೆಯವನ ಆಧಾರ್ ನಂಬರು ಹೊರಗೆ ಹಾಕುವುದು ಸತ್ಯ ಬಯಲು ಮಾಡುವುದಲ್ಲ, ಅದು ಹೇಡಿತನ. ಅಧಿಕಾರದ ಮುಚ್ಚುಮರೆ ತೆಗೆಯಿರಿ, ಬಡವನ ಮನೆಯ ಬಾಗಿಲಿನ ಪರದೆಯನ್ನಲ್ಲ.

ನಿಮ್ಮ ಕೈಯಲ್ಲಿ ಆಗಲೇ ಒಂದು ಆಯುಧವಿದೆ. 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿಗೆ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಯಾಕೆ ಕೇಳುತ್ತೀಯಾ ಎಂದು ಪ್ರಶ್ನಿಸುವ ಹಕ್ಕು ಅಧಿಕಾರಿಗಿಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಚಹಾ, ಒಂದು ಬೋಂಡದ ದುಡ್ಡಿನಲ್ಲಿ ನೀವು ಒಂದು ಇಡೀ ಇಲಾಖೆಯನ್ನು ಲೆಕ್ಕ ಒಪ್ಪಿಸುವಂತೆ ಮಾಡಬಲ್ಲಿರಿ. ಇಷ್ಟು ಬಲವಿದ್ದೂ ನಾವು ಸುಮ್ಮನಿದ್ದೇವಲ್ಲ, ಯಾಕೆ?

ಮೊರಪ್ಪೂರಿನಿಂದಲೇ ಶುರುಮಾಡಿ. 1906ರಲ್ಲಿ ನಿಮ್ಮೂರಿನಿಂದ ಧರ್ಮಪುರಿಗೆ ಸಣ್ಣ ಹಳಿಯ ರೈಲು ಹೊರಟಿತ್ತು. 1941ರಲ್ಲಿ ಅದು ನಿಂತಿತು, ಹಳಿಯನ್ನೂ ಕಿತ್ತರು. ಅದೇ ದಾರಿಗೆ ಸುಮಾರು 36 ಕಿಲೋಮೀಟರ್ ಹೊಸ ಹಳಿ ಹಾಕಲು ಮಂಜೂರಾತಿ ಸಿಕ್ಕಿ ಎಷ್ಟೋ ವರ್ಷಗಳಾದವು. ಈವರೆಗೆ ಎಷ್ಟು ಎಕರೆ ಭೂಮಿ ಪಡೆದರು? ಯಾರಿಗೆ ಎಷ್ಟು ಪರಿಹಾರ ಕೊಟ್ಟರು? ಎಷ್ಟು ಹಣ ಖರ್ಚಾಯಿತು? ಈ ಮೂರು ಪ್ರಶ್ನೆಗಳನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯಲ್ಲಿ ಬರೆದು, ಹತ್ತು ಜನ ಹತ್ತು ಅರ್ಜಿ ಹಾಕಿ, ದಕ್ಷಿಣ ರೈಲ್ವೆಗೆ ಈ ವಾರವೇ ಕಳಿಸಿ. ಉತ್ತರ ಬಂದ ದಿನ ಅದನ್ನು ತಮಿಳಿನಲ್ಲೂ ಕನ್ನಡದಲ್ಲೂ ಬರೆದು ಊರ ನಡುವೆ ಅಂಟಿಸಿ.