ಎಳೆಯ ಮಕ್ಕಳ ಬೆಳವಣಿಗೆಯ ಕುಂದು ಮತ್ತು ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದಂದು ಮಾಡಿದ ಭಾಷಣ)



ನಮ್ಮ ದೇವಾಲಯದ ಚರಿತ್ರೆಯನ್ನು ಹೇಳಲು ನನಗಿಂತ ಅರ್ಹರಾದವರು ಈ ಸಭೆಯಲ್ಲಿ ಅನೇಕರಿದ್ದಾರೆ. ಗುರುಗಳು ನನಗೆ ಒಪ್ಪಿಸಿದ ವಿಷಯ ಬೇರೆ. ಬೆಳವಣಿಗೆಯಲ್ಲಿ ಹಿಂದುಳಿದ ಅಥವಾ ಅಂಗವೈಕಲ್ಯವುಳ್ಳ ಎಳೆಯ ಮಕ್ಕಳಿಗೆ, ಆರು ವರ್ಷ ತುಂಬುವ ಮೊದಲೇ ದೊರೆಯಬೇಕಾದ ನೆರವನ್ನು ಕುರಿತು ನಾನು ನಾಲ್ಕು ಮಾತು ಹೇಳಬೇಕಾಗಿದೆ. ಇಂತಹ ಮಕ್ಕಳು ಇಂದಿನ ಜನಸಂದಣಿಯಲ್ಲಿ ಕಾಣಸಿಗುವುದಿಲ್ಲ. ಅವರನ್ನು ಮನೆಯಲ್ಲಿಯೇ ಬಿಟ್ಟು ನಾವು ಹಬ್ಬಕ್ಕೆ ಬಂದಿರುತ್ತೇವೆ.

ಸಾಮಾನ್ಯವಾಗಿ ಮಗು ಎರಡು ತಿಂಗಳಿಗೆ ತಾಯಿಯ ಮುಖ ನೋಡಿ ನಗುತ್ತದೆ. ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ಆಸರೆಯಿಲ್ಲದೆ ಕುಳಿತುಕೊಳ್ಳುತ್ತದೆ. ಒಂದೂವರೆ ವರ್ಷಕ್ಕೆ ನಡೆಯುತ್ತದೆ, ಕೆಲವು ಮಾತುಗಳನ್ನಾಡುತ್ತದೆ. ಎರಡು ವರ್ಷಕ್ಕೆ ಎರಡು ಮಾತುಗಳನ್ನು ಜೋಡಿಸುತ್ತದೆ. ಕೆಲವು ವಾರ ಹೆಚ್ಚುಕಡಿಮೆಯಾದರೆ ಗಾಬರಿಪಡಬೇಕಾಗಿಲ್ಲ. ಆದರೆ ಇವುಗಳಲ್ಲಿ ಬಹಳ ಹಿಂದೆ ಬಿದ್ದ ಮಗುವನ್ನೂ, ಕಲಿತ ಮಾತನ್ನು ಮರೆತ ಮಗುವನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. "ಇವನ ಅಪ್ಪನೂ ತಡವಾಗಿಯೇ ಮಾತಾಡಿದ, ಬಿಡವ್ವಾ" ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ಆ ಮಾತು ಒಮ್ಮೊಮ್ಮೆ ನಿಜವೂ ಆಗುತ್ತದೆ. ಯಾವ ಮಗುವಿನ ವಿಷಯದಲ್ಲಿ ನಿಜ, ಯಾವುದರಲ್ಲಿ ಅಲ್ಲ ಎಂಬುದನ್ನು ಪರೀಕ್ಷೆಯಿಲ್ಲದೆ ಹೇಳಬಲ್ಲವರು ಯಾರು?

ಕಾಯುವುದರಿಂದಾಗುವ ನಷ್ಟ ಎಷ್ಟೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ರಸ ಸಾಲದು. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಇದನ್ನು ಕಂಡುಹಿಡಿಯಬಹುದು. ಎರಡು ವಾರಗಳೊಳಗೆ ಔಷಧ ಆರಂಭಿಸಿದರೆ ಬುದ್ಧಿ ಬಹುಮಟ್ಟಿಗೆ ಸಹಜವಾಗಿಯೇ ಬೆಳೆಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದೇ ಗುಳಿಗೆ ಹೋದ ಬುದ್ಧಿಯನ್ನು ಮರಳಿ ತರಲಾರದು. ಕಿವಿ ಕೇಳದ ಶಿಶುವಿನ ವಿಷಯವೂ ಹಾಗೆಯೇ. ಆರು ತಿಂಗಳೊಳಗೆ ಶ್ರವಣ ಸಾಧನವನ್ನೂ ಮಾತಿನ ತರಬೇತಿಯನ್ನೂ ಪಡೆದ ಮಗುವಿಗೂ, ಐದನೆಯ ವರ್ಷದಲ್ಲಿ ಪಡೆದ ಮಗುವಿಗೂ ಭಾಷೆಯಲ್ಲಿ ಬಹಳ ಅಂತರವಿರುತ್ತದೆ.

ನಮ್ಮ ನಾಡಿನಲ್ಲಿ ಈ ಸೇವೆ ಮೊದಲು ಬೇರೂರಿದ್ದು ನಗರಗಳಲ್ಲಿ. ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ೧೯೫೯ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೫ರಲ್ಲಿ ಆರಂಭವಾದವು. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಕನ್ಯಾಸ್ತ್ರೀಯರು ೧೯೭೦ರಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆಯನ್ನು ತೆರೆದರು. ಆದರೆ ಶಾಲೆಗೆ ಹೋಗುವ ವಯಸ್ಸಿಗೆ ಮುಂಚಿನ ವರ್ಷಗಳೇ ಮುಖ್ಯವಲ್ಲವೇ? ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ೩೩ ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯನ್ನು ಹಳ್ಳಿಗೆ ತಂದಿತು. ಅಂಗನವಾಡಿಗೆ ಬಂದ ಮಗುವಿಗೆ ಆಹಾರ, ಲಸಿಕೆ, ಆಟಪಾಠಗಳು ದೊರೆತವು. ಅಲ್ಲಿಗೆ ಬರಲಾರದ ಮಗುವಿನ ಯೋಚನೆ ಬಹಳ ಕಾಲದ ನಂತರ ಬಂದಿತು. ೨೦೧೩ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು; ಕುಂದು ಕಂಡ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು. ೨೦೧೬ರ ಕಾಯಿದೆ ೨೧ ವಿಧದ ಅಂಗವೈಕಲ್ಯಗಳನ್ನು ಗುರುತಿಸಿತು. ಹಿಂದಿನ ೧೯೯೫ರ ಕಾಯಿದೆಯಲ್ಲಿ ಇದ್ದದ್ದು ಏಳೇ. ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿಗಳು ಅನುಸರಿಸಬೇಕಾದ ಕ್ರಮವನ್ನು ಕೇಂದ್ರ ಸರಕಾರ ೨೦೨೩ರಲ್ಲಿ ಹೊರಡಿಸಿತು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಈಗ ನಮ್ಮ ಜಿಲ್ಲೆಯ ಚೌಡಾಪುರವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ದೇವಲ ಗಾಣಗಾಪುರದ ದಾರಿ ಕವಲೊಡೆಯುವ ಊರು ಅದು. ಅಲ್ಲಿಯ ಅಥವಾ ಸುತ್ತಲಿನ ಹಳ್ಳಿಯ ಒಬ್ಬ ಕೂಲಿ ಹೆಣ್ಣುಮಗಳು, ಮೂರು ವರ್ಷವಾದರೂ ಕುಳಿತುಕೊಳ್ಳಲಾರದ ಮಗುವನ್ನು ಹೆಗಲ ಮೇಲೆ ಹೊತ್ತು ಬಸ್ಸಿಗಾಗಿ ನಿಂತಿದ್ದಾಳೆಂದು ಭಾವಿಸೋಣ. ಅಂದಿನ ಕೂಲಿ ಹೋಯಿತು. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು ಒಂದು ಕಡೆ, ವೈದ್ಯರು ಇನ್ನೊಂದು ಕಡೆ, ವ್ಯಾಯಾಮ ಕಲಿಸುವವರು ಮತ್ತೊಂದು ಕಡೆ. ಮಗುವನ್ನು ಯಾರ ಕೈಗಿತ್ತು ಅವಳು ಸಾಲಿನಲ್ಲಿ ನಿಲ್ಲಬೇಕು? ಮುಂದಿನ ವಾರ ಮತ್ತೆ ಬರಬೇಕೆಂದು ಹೇಳಿದರೆ ಅವಳು ತಲೆಯಾಡಿಸುತ್ತಾಳೆ; ಬರುವುದಿಲ್ಲ. ಇದನ್ನು ತಾಯಿಯ ಅಲಕ್ಷ್ಯವೆಂದು ಬರೆದುಕೊಳ್ಳುವುದು ಸುಲಭ. ನಾನು ಹಾಗೆನ್ನಲಾರೆ. ಇನ್ನೊಂದು ಸಂಗತಿಯುಂಟು. ಆಳಂದ, ಅಫಜಲಪುರ ಭಾಗದ ಅನೇಕ ಕುಟುಂಬಗಳು ವರ್ಷದ ಕೆಲವು ತಿಂಗಳು ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುತ್ತವೆ. ತಪಾಸಣೆಯ ತಂಡ ಬಂದಾಗ ಮಗು ಊರಲ್ಲಿರುವುದಿಲ್ಲ. ಮಗು ಬಂದಾಗ ತಂಡವಿರುವುದಿಲ್ಲ.

ಆದುದರಿಂದ ಈ ತಾಯಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳುವ ಎರಡನೆಯ ಮನುಷ್ಯ. ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ಪೀಡಿತನನ್ನು ಹೊತ್ತು ತಂದವರು ನಾಲ್ವರು. ಜನಸಂದಣಿಯಿಂದಾಗಿ ಒಳಗೆ ಹೋಗಲಾರದೆ ಅವರು ಮನೆಯ ಮಾಳಿಗೆಯನ್ನೇ ಬಿಚ್ಚಿದರು. ನಮ್ಮ ಈ ಹೆಣ್ಣುಮಗಳು ಒಬ್ಬಳೇ ಹೊರುತ್ತಿದ್ದಾಳೆ.

ಅವಳು ಹೊರುವ ಇನ್ನೊಂದು ಭಾರವನ್ನು ನಾವೇ ಹೊರಿಸಿದ್ದೇವೆ. ಯಾರ ಪಾಪದಿಂದ ಈತ ಕುರುಡನಾಗಿ ಹುಟ್ಟಿದನೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದು ಪ್ರಭು ಯೇಸು ತಿಳಿಸಿದರು. ಹೀಗಿದ್ದರೂ ನಮ್ಮ ಬೀದಿಯಲ್ಲಿ ಅದೇ ಪ್ರಶ್ನೆ ಸೊಸೆಯ ಕಿವಿಗೆ ಬೀಳುತ್ತಲೇ ಇದೆ. ಹರಕೆ ಹೊರುವುದು ಬೇಡವೆಂದು ನಾನು ಹೇಳುವುದಿಲ್ಲ. ಕೆಲವರು ಗಾಣಗಾಪುರಕ್ಕೆ, ಕೆಲವರು ಬಂದೇನವಾಜರ ದರ್ಗಾಕ್ಕೆ, ನಮ್ಮವರು ವೇಲಾಂಕಣಿಗೆ ಹೋಗುತ್ತಾರೆ. ಹರಕೆ ಮುಗಿಯುವ ತನಕ ವೈದ್ಯರ ಬಳಿಗೆ ಹೋಗದಿರುವುದು ಮಾತ್ರ ತಪ್ಪು.

ಚಿಕಿತ್ಸೆಯ ಬಹುಭಾಗ ನಡೆಯುವುದು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ. ತಜ್ಞರು ತೋರಿಸಿಕೊಟ್ಟದ್ದನ್ನು ತಾಯಿ ದಿನವೂ ಮಾಡಬೇಕು. ಕತ್ತು ನಿಲ್ಲದ ಮಗುವಿಗೆ ಮಲಗಿಸಿ ಉಣಿಸಬಾರದು. ಅನ್ನ ಶ್ವಾಸನಾಳಕ್ಕೆ ಇಳಿದೀತು. ಬೆನ್ನಿಗೂ ತಲೆಗೂ ಆಸರೆ ಕೊಟ್ಟು, ನೆಟ್ಟಗೆ ಕೂರಿಸಿ ಉಣಿಸಬೇಕು. ಕೈಬೆರಳು ಬಿಡಿಸದ ಮಗುವಿಗೆ ರೊಟ್ಟಿ ಬಡಿಯುವಾಗ ಒಂದು ಹಿಡಿ ಜೋಳದ ಹಿಟ್ಟಿನ ಮುದ್ದೆ ಕೊಟ್ಟರೆ ಸಾಕು, ದುಬಾರಿ ಆಟಿಕೆ ಬೇಡ. (ತೊಗರಿ, ಕಡಲೆ ಕಾಳು ಕೊಡಬೇಡಿರಿ, ಮೂಗಿಗೆ ಹಾಕಿಕೊಳ್ಳುತ್ತವೆ.) ಮಾತು ಬಾರದ ಮಗುವಿನೊಡನೆ ಅಜ್ಜಿ ಮಾತು ನಿಲ್ಲಿಸಬಾರದು. "ಇದಕ್ಕೇನು ತಿಳೀತೈತಿ" ಎಂದು ಮೌನವಾದ ಮನೆಯಲ್ಲಿ ಮಗು ಕಲಿಯುವುದಾದರೂ ಹೇಗೆ?

ಧರ್ಮಕೇಂದ್ರವು ಏನು ಮಾಡಬಹುದು? ಹೊಸ ಕಟ್ಟಡ ಕಟ್ಟುವ ಮಾತು ಈಗ ಬೇಡ. ಶತಮಾನೋತ್ಸವದಲ್ಲಿ ಆ ಆಸೆ ಸಹಜವಾದರೂ. ದೀಕ್ಷಾಸ್ನಾನದ ದಿನ ಹೆಸರು ದಾಖಲಿಸುವಾಗಲೇ ಮಗು ಹುಟ್ಟಿದಾಗ ಅತ್ತಿತೇ, ಹಾಲು ಕುಡಿಯುತ್ತದೆಯೇ, ಸದ್ದಿಗೆ ಬೆಚ್ಚುತ್ತದೆಯೇ ಎಂದು ನಮ್ಮ ಮಹಿಳಾ ಸಂಘದವರು ವಿಚಾರಿಸಲಿ. ವರ್ಷ ತುಂಬಿದಾಗ ಮನೆಗೆ ಹೋಗಿ ಮತ್ತೆ ನೋಡಲಿ. ನೆರೆಮನೆಯ ಮಗು ಯಾವ ಮತದ್ದಾದರೂ ಸರಿಯೇ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ವ್ಯವಸ್ಥೆಯಿದೆ. ಅಂಗವಿಕಲರೇ ಆಗಿರುವ ಈ ಕಾರ್ಯಕರ್ತರಿಗೆ ಗುರುತಿನ ಚೀಟಿ, ಸಾಧನ ಸಲಕರಣೆಗಳ ದಾರಿ ಗೊತ್ತಿರುತ್ತದೆ. ಅವರನ್ನು ನಮ್ಮ ಪಾಲನಾ ಮಂಡಳಿಯ ಸಭೆಗೆ ಒಮ್ಮೆ ಕರೆಯೋಣ.

ಕೊನೆಯದಾಗಿ ಒಂದು ಬಿನ್ನಹ. ಕಲಬುರಗಿಯ ಆಸ್ಪತ್ರೆಗೆ ತಾಯಂದಿರ ಜೊತೆಯಲ್ಲಿ ತಿಂಗಳಿಗೊಂದು ದಿನ ಹೋಗಬಲ್ಲವರ ಪಟ್ಟಿಯನ್ನು ಗುರುಗಳ ಅನುಮತಿಯಿಂದ ಇಂದು ಆರಂಭಿಸುತ್ತಿದ್ದೇವೆ. ಊಟದ ಪಂಕ್ತಿಯ ಪಕ್ಕದಲ್ಲಿ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ಓದುಬರಹ ಬೇಕಾಗಿಲ್ಲ, ಮಗುವನ್ನು ಎತ್ತಿಕೊಳ್ಳಬಲ್ಲ ಕೈಗಳಿದ್ದರೆ ಸಾಕು. ನಿವೃತ್ತರಾದ ಪುರುಷರೂ ಹೆಸರು ಬರೆಸಬಹುದು.