ರಸ್ತೆ ಊರಿನದು, ತಂತು ಯಾರದು?

ನೀರಿನಿಂದ ಮಾತು ಶುರು ಮಾಡುತ್ತೇನೆ. 2008ರ ಹೊತ್ತಿಗೆ ನಮ್ಮ ಬೆಳಗಾವಿಯ ಕೆಲವು ವಾರ್ಡುಗಳಲ್ಲಿ ಇಪ್ಪತ್ನಾಲ್ಕು ತಾಸೂ ನಳದಲ್ಲಿ ನೀರು ಬರತೊಡಗಿತು. ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳಲ್ಲೂ ವಿಶ್ವಬ್ಯಾಂಕಿನ ನೆರವಿನಿಂದ ಇದೇ ಪ್ರಯೋಗ ನಡೆಯಿತು. ಆಗುವುದಿಲ್ಲ ಎಂದು ಜನ ಕೈಬಿಟ್ಟಿದ್ದ ಕೆಲಸ ಆಯಿತು. ಇಂದು ಮಕ್ಕಳ ಪಾಠ, ರೈತರ ಪಹಣಿ, ಪಿಂಚಣಿ ಎಲ್ಲವೂ ಇಂಟರ್ನೆಟ್ಟಿನ ಮೇಲೆ ನಿಂತಿವೆ. ಹಾಗಾದರೆ ಅದನ್ನೂ ಪಾಲಿಕೆಯೇ ನಳದ ನೀರಿನಂತೆ ಮನೆಮನೆಗೆ ಕೊಡಬಹುದೇ?

ಕಾನೂನು ಅದಕ್ಕೆ ನೇರ ದಾರಿ ಬಿಟ್ಟಿಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರಸಂಸ್ಥೆಗಳಿಗೆಂದು 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಬರೆದಿದೆ. ರಸ್ತೆ, ನೀರು, ಬೀದಿದೀಪ, ಸ್ಮಶಾನ ಅಲ್ಲಿವೆ. ಪಂಚಾಯಿತಿಗಳಿಗೆ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಇಂಟರ್ನೆಟ್ಟಿನ ಹೆಸರು ಎರಡರಲ್ಲೂ ಇಲ್ಲ. ದೂರಸಂಪರ್ಕ ಕೇಂದ್ರ ಪಟ್ಟಿಯ 31ನೇ ವಿಷಯ. 1885ರ ಟೆಲಿಗ್ರಾಫ್ ಕಾಯ್ದೆಯಿಂದ 2023ರ ದೂರಸಂಪರ್ಕ ಕಾಯ್ದೆಯವರೆಗೆ ಅದರ ಕೀಲಿಕೈ ದೆಹಲಿಯಲ್ಲೇ ಇದೆ. ಕೇರಳ ಸರ್ಕಾರ ಕೂಡ ಕೆ-ಫೋನ್ ಎಂಬ ಕಂಪನಿ ಕಟ್ಟಿ, 2022ರಲ್ಲಿ ಕೇಂದ್ರದಿಂದ ಲೈಸೆನ್ಸ್ ಪಡೆದು, 2023ರ ಜೂನ್‌ನಲ್ಲಿ ಸೇವೆ ಆರಂಭಿಸಿತು.

ಈ ಜಗ್ಗಾಟ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಚಟ್ಟನೂಗ ನಗರದ ವಿದ್ಯುತ್ ಸಂಸ್ಥೆ 2010ರಲ್ಲೇ ಗಿಗಾಬಿಟ್ ವೇಗದ ಇಂಟರ್ನೆಟ್ ಕೊಟ್ಟಿತು. ಪಕ್ಕದ ಊರುಗಳೂ ಕೇಳಿದವು, ರಾಜ್ಯದ ಕಾನೂನು ಅಡ್ಡ ಬಂತು, 2016ರಲ್ಲಿ ನ್ಯಾಯಾಲಯ ರಾಜ್ಯದ ಪರ ನಿಂತಿತು. ಸ್ಟಾಕ್‌ಹೋಮ್ ಬೇರೆ ದಾರಿ ಹಿಡಿಯಿತು. 1994ರಲ್ಲಿ ನಗರವೇ ಸ್ಟೋಕಾಬ್ ಎಂಬ ಕಂಪನಿ ಮಾಡಿ ನೆಲದಡಿ ಫೈಬರ್ ಹಾಕಿಸಿತು. ಅದು ಮನೆಗಳಿಗೆ ಇಂಟರ್ನೆಟ್ ಮಾರುವುದಿಲ್ಲ. ಕೇಳಿದ ಎಲ್ಲ ಕಂಪನಿಗಳಿಗೂ ಒಂದೇ ನಿಯಮದಲ್ಲಿ ತಂತು ಬಾಡಿಗೆಗೆ ಕೊಡುತ್ತದೆ. ದಾರಿ ಊರಿನದು, ವ್ಯಾಪಾರ ಕಂಪನಿಗಳದು.

ನಮಗೆ ಹೊಂದುವುದು ಈ ಎರಡನೆಯ ದಾರಿ. ಇಂದು ಕಂಪನಿ ಬಂದು ರಸ್ತೆ ಅಗೆಯುತ್ತದೆ, ಪಾಲಿಕೆ ಅನುಮತಿ ಕೊಟ್ಟು ದುರಸ್ತಿ ಖರ್ಚು ಕೇಳುತ್ತದೆ. 2025ರ ಜನವರಿ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಆ ಅನುಮತಿಯನ್ನೂ ಗೊತ್ತಾದ ಅವಧಿಯೊಳಗೆ ಕೊಡಬೇಕು. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾದ ಬೆಳಗಾವಿ ಪ್ರತಿ ಹೊಸ ರಸ್ತೆಯ ಅಡಿಗೂ ಫೈಬರ್ ಹಾಯಿಸಲು ಊರಿನದೇ ಕೊಳವೆ ಹೂಳಿದರೆ, ರಸ್ತೆ ಮತ್ತೆ ಮತ್ತೆ ಅಗೆಯಬೇಕಿಲ್ಲ, ಚಿಕ್ಕ ಕೇಬಲ್ ಉದ್ಯಮಿಗೂ ದಾರಿ ಸಿಗುತ್ತದೆ.

ಇನ್ನು ನಮ್ಮ ಜಿಲ್ಲೆಯದೇ ಖಾನಾಪುರ ತಾಲ್ಲೂಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಭೀಮಗಡದ ಅಡವಿಯೊಳಗಿನ ಹಳ್ಳಿಗಳ ಕಡೆ ಕಂಪನಿಗಳು ಹೋಗುವುದಿಲ್ಲ. ಮನೆ ವಿರಳ, ಮಳೆ ಜೋರು, ಅಭಯಾರಣ್ಯದಲ್ಲಿ ಒಂದು ಗುಂಡಿ ತೋಡಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಂಥ ಕಡೆಗೆಂದೇ 2011ರಲ್ಲಿ ಮಂಜೂರಾದ, ಈಗ ಭಾರತ್‌ನೆಟ್ ಎನ್ನುವ ಯೋಜನೆ ಗ್ರಾಮ ಪಂಚಾಯಿತಿಯವರೆಗೆ ಫೈಬರ್ ಒಯ್ಯಲು ಹೊರಟಿತು. ಆದರೆ ಪಂಚಾಯಿತಿ ಕಟ್ಟಡದಿಂದ ಕೊನೆಯ ಮನೆಗೆ ಇನ್ನೂ ಎಷ್ಟೋ ಮೈಲಿ.

ಆ ಅಂತರ ತುಂಬಲು ಪಂಚಾಯಿತಿಗೆ ಒಂದು ಬಾಗಿಲು ತೆರೆದಿದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಸಾರ್ವಜನಿಕ ವೈಫೈ ಕೇಂದ್ರ ನಡೆಸಲು ಲೈಸೆನ್ಸ್ ಬೇಡ, ಶುಲ್ಕವೂ ಇಲ್ಲ. ಕಿರಾಣಿ ಅಂಗಡಿಯಲ್ಲೂ ನಡೆಸಬಹುದು, ಮಹಿಳಾ ಸಂಘವೂ ನಡೆಸಬಹುದು. ನಮ್ಮ ಹಳ್ಳಿ ಗ್ರಂಥಾಲಯಗಳು ಈಗ ಪಂಚಾಯಿತಿಯ ಆಡಳಿತದಲ್ಲಿವೆ. ಅಲ್ಲೊಂದು ವೈಫೈ ಪೆಟ್ಟಿಗೆ ಇಟ್ಟರೆ, ಗ್ರಂಥಾಲಯದ ಬಾಗಿಲು ಹಾಕಿದ ಮೇಲೂ ಮಕ್ಕಳು ಜಗಲಿಯಲ್ಲಿ ಕೂತು ಓದಬಹುದು.

ಮಾರುವ ಅಧಿಕಾರ ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಇಲ್ಲದಿರಬಹುದು. ನೆಲ, ರಸ್ತೆ, ಕಟ್ಟಡ ಅವುಗಳ ಕೈಯಲ್ಲೇ ಇವೆ. ಮುಂದಿನ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ರಸ್ತೆಯ ಅಂದಾಜುಪಟ್ಟಿ ಓದುವಾಗ ದಯವಿಟ್ಟು ಎದ್ದು ನಿಂತು ಕೇಳಿ: ಇದರಲ್ಲಿ ನಮ್ಮ ಕೊಳವೆ ಎಲ್ಲಿದೆ?