ಕಾಡುಮಾವಿನ ಗೊಜ್ಜು



ಮಲೆನಾಡಿನ ಕಾಡುಮಾವಿನ ಗೊಜ್ಜಿಗೆ ಹಣ್ಣನ್ನು ಹೋಳು ಮಾಡುವ ಕ್ರಮವಿಲ್ಲ. ತೊಟ್ಟು ಮುರಿದು, ಸೊನೆ ತೊಳೆದು, ಸಿಪ್ಪೆ ಸುಲಿದು, ಗೊರಟಿನ ಸಮೇತ ಪಾತ್ರೆಗೆ ಹಾಕುವುದು ರೂಢಿ. ಸಿಪ್ಪೆಯನ್ನು ತುಸು ನೀರಿನಲ್ಲಿ ಹಿಸುಕಿ ಆ ರಸವನ್ನೂ ಸೇರಿಸಬೇಕು, ಪರಿಮಳವಿರುವುದು ಅಲ್ಲಿಯೇ. ಉಪ್ಪು, ಸೀಳಿದ ಹಸಿಮೆಣಸು, ಬೆಲ್ಲ ಹಾಕಿ ರಸ ಮಂದವಾಗುವವರೆಗೆ ಕುದಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ತೆಂಗಿನಕಾಯಿ ಅರೆದು ಹಾಕಿದರೆ ರುಚಿ ಹೆಚ್ಚುವುದು ನಿಜ, ಆದರೆ ಅಂದೇ ಉಂಡು ಮುಗಿಸಬೇಕು. ಗೊರಟು ಚೀಪಲು ನಾಚುವವರಿಗೆ ಈ ಗೊಜ್ಜು ತಕ್ಕುದಲ್ಲ.

ಬೆಲ್ಲದ ಅಳತೆಯನ್ನು ಮಾತ್ರ ಯಾವ ಪುಸ್ತಕವೂ ಹೇಳಲಾರದು. ಬೀಜದಿಂದ ಹುಟ್ಟಿದ ಕಾಡುಮಾವು ತಾಯಿಮರವನ್ನು ಯಥಾವತ್ತಾಗಿ ಹೋಲುವುದಿಲ್ಲ. ಆದ್ದರಿಂದ ಒಂದೊಂದು ಮರದ ಹುಳಿಯೂ ಬೇರೆ. ಪ್ಲೈವುಡ್ಡಿಗೋ ಪೆಟ್ಟಿಗೆಗೋ ಒಂದು ಮರ ಉರುಳಿದರೆ ಆ ರುಚಿ ಮತ್ತೆಲ್ಲಿಯೂ ದೊರೆಯದು. ಬೀಜದ ಸಸಿ ನೆಟ್ಟು ಅದನ್ನು ಮರಳಿ ಪಡೆಯಲಾಗದು. ಮರ ನಿಂತಿರುವಾಗಲೇ ಮಾಡುವ ಕಸಿಯೊಂದೇ ದಾರಿ. ಗೊಜ್ಜಿನಲ್ಲಿ ಕುದಿದ ಗೊರಟು ಮೊಳೆಯುವುದಿಲ್ಲ. ಹಾಗೆಯೇ ತಿಂದ ಹಣ್ಣಿನ ಗೊರಟನ್ನು ಒಣಗಲು ಬಿಡದೆ ಬಿತ್ತಿ, ಎದ್ದ ಸಸಿಗೆ ಮಳೆಗಾಲದಲ್ಲಿ ಮೆಚ್ಚಿನ ಮರದ ಕಡ್ಡಿಯನ್ನು ಕಸಿ ಕಟ್ಟಬೇಕು. ಕಡ್ಡಿ ಕೊಯ್ಯುವುದಕ್ಕೆ ಸುಮಾರು ಒಂದು ವಾರ ಮೊದಲು, ತೊಟ್ಟಿನ ತುಂಡು ಉಳಿಯುವಂತೆ ಅದರ ಎಲೆಗಳನ್ನು ಕತ್ತರಿಸಿಡುವುದು ಒಳ್ಳೆಯದು.